ಪುರುಷರ ವಾರ್ಡಿನ ಪೊಡಿಯಬ್ಬ ಕಾಕ

ಸೌದಿಯಲ್ಲಿ ಅಬ್ಕೈಕಿಗೆ ಹೋಗುವ ಹೆದ್ದಾರಿಯ ಬದಿಯ ಸರಕಾರಿ ಆಸ್ಪತ್ರೆಯೊಂದರಲ್ಲಿ ನಾನು ನರ್ಸಾಗಿ ಸೇರಿದ್ದು 2016ರಲ್ಲಿ. ಹೆಸರು ಗೌತಮಿ, ಊರು ಕುಮಟಾ ಹತ್ತಿರದ ಮಿರ್ಜಾನ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಅಲ್ಲೇ ನಾಲ್ಕು ವರ್ಷ ಕೆಲಸ ಮಾಡಿ ಬಂದವಳು. ಹೊರಡುವ ಮೊದಲು ಮೂರು ವಾರ ಅರಬ್ಬಿ ಕಲಿಸಿದ್ದರು. ಹೇಗಿದ್ದೀರಿ, ನೋವು ಎಲ್ಲಿದೆ, ಮಾತ್ರೆ ನುಂಗಿ, ಇಷ್ಟು. ಅದೇ ಸಾಕು ಅಂದುಕೊಂಡಿದ್ದೆ.

ಮೊದಲ ವಾರವೇ ಪುರುಷರ ವಾರ್ಡಿಗೆ ಹಾಕಿದರು. ಅಲ್ ಹಸಾ ಕಡೆಯ ಖರ್ಜೂರದ ತೋಟದ ಮುದುಕರೊಬ್ಬರು ಮಂಚದ ಮೇಲೆ ಎದ್ದು ಕೂತು, ನನ್ನ ಕೈ ಹಿಡಿದು "ದೋಖಾ, ದೋಖಾ" ಅನ್ನತೊಡಗಿದರು. ನನಗೆ ಗೊತ್ತಿದ್ದದ್ದು ಹಿಂದಿಯ ದೋಖಾ. ಯಾರೋ ಇವರಿಗೆ ಮೋಸ ಮಾಡಿದ್ದಾರೆ, ಮಕ್ಕಳೇ ಇರಬೇಕು ಎಂದುಕೊಂಡು ಅವರ ಬೆನ್ನು ಸವರಿದೆ, ಸಮಾಧಾನ ಹೇಳಿ ಮುಂದಿನ ಮಂಚದ ಕಡೆ ಹೊರಟೆ.

"ಸಿಸ್ಟರೇ, ಅವರಿಗೆ ತಲೆ ತಿರುಗುತ್ತದಂತೆ. ಬಿಪಿ ನೋಡಿ."

ಕನ್ನಡ! ತಿರುಗಿ ನೋಡಿದರೆ ನೀಲಿ ಯೂನಿಫಾರಮ್ಮಿನ, ಕುರುಚಲು ಬಿಳಿಗಡ್ಡದ ಒಬ್ಬರು ನೆಲ ಒರೆಸುತ್ತಿದ್ದರು. ತಲೆ ಎತ್ತಿರಲಿಲ್ಲ. ಬಿಪಿ ನೋಡಿದೆ. ಎಂಬತ್ತಕ್ಕೆ ಇಳಿದಿತ್ತು. ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ಆಮೇಲೆ ತಿಳಿಯಿತು. ಇನ್ನರ್ಧ ಗಂಟೆ ಕಳೆದಿದ್ದರೆ ಆ ಮುದುಕರು ನಮಗೆ ಸಿಗುತ್ತಿರಲಿಲ್ಲ. ಒರೆಸುವುದು ಮುಗಿಸಿ ಬಕೆಟ್ಟು ತಳ್ಳಿಕೊಂಡು ಹೋಗುತ್ತಿದ್ದವರನ್ನು ತಡೆದು ಹೆಸರು ಕೇಳಿದೆ.

"ಪೊಡಿಯಬ್ಬ. ನಮ್ಮದು ಕನ್ಯಾನ, ವಿಟ್ಲದ ಹತ್ತಿರ. ನಿಮ್ಮ ಮಾತು ಕೇಳಿದ್ರೆ ಘಟ್ಟದವರಲ್ಲ ಅಂತ ಗೊತ್ತಾಗ್ತದೆ. ಕುಮಟಾವಾ, ಹೊನ್ನಾವರವಾ?"

ನಾನು ಹೂಂ ಅನ್ನುವುದರೊಳಗೆ ಅವರು ಬಾಗಿಲು ದಾಟಿಯಾಗಿತ್ತು. ಅಂದಿನಿಂದ ಅವರು ನನಗೆ ಪೊಡಿಯಬ್ಬ ಕಾಕ.

ಆಗಲೇ ಅವರು ಆ ವಾರ್ಡಿಗೆ ಬಂದು ಹದಿನಾರು ವರ್ಷವಾಗಿತ್ತು. ಶುಚಿತ್ವದ ಗುತ್ತಿಗೆ ಹಿಡಿದ ಕಂಪನಿಗಳು ನಾಲ್ಕು ಬದಲಾದವು, ಯೂನಿಫಾರಮ್ಮು ಹಸಿರಿನಿಂದ ಕಂದಾಗಿ, ಕಂದಿನಿಂದ ನೀಲಿಯಾಯಿತು. ಕಾಕ ಮಾತ್ರ ಅದೇ ವಾರ್ಡಿನಲ್ಲಿ ಉಳಿದರು. ಊರಲ್ಲಿ ಹೆಂಡತಿ ಆಸ್ಯಮ್ಮ, ಮದುವೆಯಾದ ಒಬ್ಬ ಮಗಳು, ಇನ್ನೂ ಓದುತ್ತಿದ್ದ ಆಯಿಷಾ. ಕಾಕ ಓದಿದ್ದು ನಾಲ್ಕನೇ ಕ್ಲಾಸು. ಕನ್ನಡವನ್ನು ಬೆರಳಿಟ್ಟು ಓದುತ್ತಿದ್ದರು, ಅರಬ್ಬಿಯಲ್ಲಿ ಕುರಾನಿನ ಅಕ್ಷರ ಗೊತ್ತಿತ್ತು, ಇಂಗ್ಲಿಷ್ ಇಲ್ಲವೇ ಇಲ್ಲ. ಆದರೆ ಮಾತು ಹಿಡಿಯುವ ಕಿವಿ ಇತ್ತು. ಹದಿನೈದನೇ ವಯಸ್ಸಿನಿಂದ ವಿಟ್ಲ–ಕಾಸರಗೋಡು ಬಸ್ಸಿನಲ್ಲಿ ಕ್ಲೀನರಾಗಿದ್ದವರು. ಬಾಗಿಲಲ್ಲಿ ನೇತಾಡಿಕೊಂಡು ಬ್ಯಾರಿ, ತುಳು, ಕನ್ನಡ, ಮಲಯಾಳ, ಕೊಂಕಣಿ ಎಲ್ಲದರಲ್ಲೂ ಜನರನ್ನು ಕರೆದು ಹತ್ತಿಸಿದವರು. ಇಲ್ಲಿಗೆ ಬಂದ ಮೇಲೆ ಹಿಂದಿ, ಬಂಗಾಳಿ ಸೇರಿದವು. ಅರಬ್ಬಿ ಮಾತ್ರ ತಾನಾಗಿ ಬಂದದ್ದಲ್ಲ, ಹಟ ಹಿಡಿದು ಕಲಿತದ್ದು. ಅದರ ಕಾರಣವನ್ನು ನನಗೆ ಹೇಳಿದ್ದು ಒಂದೇ ಒಂದು ಸಲ.

"ಬಂದ ವರ್ಷ. ಒಬ್ರು ಮರುಭೂಮಿಯ ಕಡೆಯ ಮುದುಕ. ಬೆಳಿಗ್ಗೆಯಿಂದ 'ಕತ್ಮಾ, ಕತ್ಮಾ' ಅಂತ ನನ್ನ ಮುಖ ನೋಡಿ ಹೇಳ್ತಾ ಇದ್ರು. ಆಗ ಇದ್ದ ಫಿಲಿಪೀನಿ ಸಿಸ್ಟರಿಗೂ ಗೊತ್ತಿಲ್ಲ. ಚಳಿ ಅಂತ ಕಾಣ್ತದೆ ಅಂತ ನಾನು ಕಂಬಳಿ ಹೊದೆಸಿದೆ. ಅವರು ತೆಗೆದು ಬಿಸಾಡಿದ್ರು. ನಾನು ಪುನಃ ಹೊದೆಸಿದೆ. ಮಧ್ಯಾಹ್ನ ಲುಹರ್ ನಮಾಜಿನ ಬಾಂಕಿನ ಹೊತ್ತಿಗೆ ಹೋಗಿಬಿಟ್ರು. ಗೇಟಿನ ಸೆಕ್ಯುರಿಟಿಯವನ ಹತ್ರ ಕೇಳಿದೆ, ಕತ್ಮಾ ಅಂದ್ರೆ ಎಂತ ಅಂತ. ಉಸಿರು ಕಟ್ಟುದು ಅಂತ ಹೇಳಿದ." ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿ ಹೇಳಿದರು: "ನಾನು ಕಂಬಳಿ ಹೊದೆಸಿದೆ, ಸಿಸ್ಟರೇ. ಎರಡು ಸರ್ತಿ."

ಹೊಸ ನರ್ಸುಗಳು ಬಂದರೆ ಕಾಕ ಅವರಿಗೆ ಪಾಠ ಮಾಡುತ್ತಿದ್ದರು. ಪಾಠ ಅಂದರೆ, ಮಧ್ಯಾಹ್ನ ಊಟದ ತಟ್ಟೆಗಳು ಹೋದ ಮೇಲೆ ಬಟ್ಟೆ ಇಡುವ ಕೋಣೆಯಲ್ಲಿ ಹತ್ತು ನಿಮಿಷ. ಮಡಚಿದ ಚಾದರಗಳ ನಡುವೆ ನಾವು ಮೂರ್ನಾಲ್ಕು ಜನ ನಿಲ್ಲುತ್ತಿದ್ದೆವು. ಕಾಕ ಒಂದೊಂದೇ ಶಬ್ದ ಹೇಳಿ, ತನ್ನ ಮೈ ಮುಟ್ಟಿ ತೋರಿಸುತ್ತಿದ್ದರು. ನಾವು ಕನ್ನಡದಲ್ಲಿ, ಮಲಯಾಳದಲ್ಲಿ, ತಮಿಳಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಊರಲ್ಲಿ ಅರಬ್ಬಿ ಕಲಿಸಿದ ಪುಸ್ತಕದಲ್ಲಿ ನೋವಿಗೆ 'ಅಲಮ್' ಎಂದಿತ್ತು. ಇಲ್ಲಿಯ ಹಳಬರು ಯಾರೂ ಹಾಗೆ ಅನ್ನುವುದಿಲ್ಲ, ಅವರದು 'ಯಅವ್ವರ್ನಿ'. ಚುಚ್ಚುವ ನೋವಿಗೆ ಒಂದು, ಹಿಂಡುವ ನೋವಿಗೆ ಇನ್ನೊಂದು. ನಾಚಿಕೆಯಿಂದ ಹೇಳಲಾರದ್ದನ್ನು ಗಂಡಸರು ಯಾವ ಸುತ್ತುಮಾತಿನಲ್ಲಿ ಹೇಳುತ್ತಾರೆ ಎಂಬುದನ್ನೂ ಕಾಕ ಗೋಡೆಯ ಕಡೆ ಮುಖ ತಿರುಗಿಸಿ ಹೇಳಿಕೊಟ್ಟರು. ನಾನು ಬರೆದುಕೊಂಡ ಪುಸ್ತಕದಲ್ಲಿ ಇನ್ನೂರ ಹದಿನಾಲ್ಕು ಶಬ್ದಗಳಾಗಿದ್ದವು.

ಲೇಬರ್ ಕ್ಯಾಂಪಿನ ಹೊರದೇಶದ ಕೆಲಸಗಾರರು ಬಂದರೆ ಡಾಕ್ಟರುಗಳು ಕರೆಯುತ್ತಿದ್ದದ್ದು ಕಾಕನನ್ನೇ. ಡಾಕ್ಟರ್ ಅರ್ಕಮ್ ಅಲ್ಲಿಯೇ ತರಬೇತಿಗೆ ಬಂದು, ಅಲ್ಲಿಯೇ ದೊಡ್ಡ ಡಾಕ್ಟರಾದ ಸೌದಿಯವರು. "ಯಾ ಅಮ್ಮ್ ಪೊಡಿ, ತಆಲ್!" ಎಂದು ಚಿಕ್ಕಪ್ಪನನ್ನು ಕರೆದ ಹಾಗೆ ಅವರು ಕರೆದರೆ, ಕಾಕ ಕೈ ತೊಳೆದುಕೊಂಡು ಮಂಚದ ತಲೆಯ ಕಡೆ ನಿಲ್ಲುತ್ತಿದ್ದರು. ಮಾತು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸಾಗಿಸಿ, ಮುಗಿದ ಕೂಡಲೇ ಮತ್ತೆ ಬಕೆಟ್ಟಿನ ಹತ್ತಿರ ಹೋಗುತ್ತಿದ್ದರು.

2023ರ ಕೊನೆ. ಕೆಲವು ತಿಂಗಳಲ್ಲಿ ಆಸ್ಪತ್ರೆಗೆ ಗುಣಮಟ್ಟದ ಪರಿಶೀಲನೆ ಬರುವುದಿತ್ತು. ಅದರ ತಯಾರಿಗೆ ತರಬೇತಿ ವಿಭಾಗಕ್ಕೆ ನುಸೈಬಾ ಎಂಬ ಯುವ ಅಧಿಕಾರಿ ಬಂದರು. ದಮ್ಮಾಮಿನ ಕಡೆಯ ಹುಡುಗಿ, ಹೊರದೇಶದಲ್ಲಿ ಓದಿದವರು. ಜೋರು ಮಾಡುವವರಲ್ಲ. ಸಭಾಂಗಣದಲ್ಲಿ ನಮ್ಮನ್ನೆಲ್ಲ ಕೂರಿಸಿ ಹೊಸ ನಿಯಮ ವಿವರಿಸಿದರು. ಇನ್ನು ಮೇಲೆ ರೋಗಿಯ ಮಾತನ್ನು ಡಾಕ್ಟರಿಗೆ ದಾಟಿಸುವವರು ಪ್ರಮಾಣಪತ್ರ ಇದ್ದವರೇ ಆಗಿರಬೇಕು. ನೆಂಟರು, ಪಕ್ಕದ ಮಂಚದವರು, ಕೆಲಸದವರು ಕೂಡದು. ಪ್ರತಿ ವಾರ್ಡಿಗೂ ಒಂದು ಟ್ಯಾಬ್ಲೆಟ್ ಕೊಡಲಾಗುತ್ತದೆ, ಭಾಷೆ ಆರಿಸಿದರೆ ದೂರದಲ್ಲಿರುವ ಅನುವಾದಕರು ತೆರೆಯ ಮೇಲೆ ಬರುತ್ತಾರೆ, ಅವರ ನಂಬರನ್ನು ರೋಗಿಯ ದಾಖಲೆಯಲ್ಲಿ ಬರೆಯಬೇಕು. ನಿಯಮ ತಪ್ಪೆಂದು ನಾನು ಹೇಳಲಾರೆ. ಹಿಂದಿನ ವರ್ಷ ಇನ್ನೊಂದು ವಾರ್ಡಿನಲ್ಲಿ ಅಳಿಯನೊಬ್ಬ ಮಾವನಿಗೆ ಇನ್ಸುಲಿನ್ನಿನ ಪ್ರಮಾಣವನ್ನು ತಪ್ಪಾಗಿ ಹೇಳಿದ್ದ. ಆ ಮನುಷ್ಯ ಕಣ್ಣು ಬಿಡಲಿಲ್ಲ.

ಶುಚಿತ್ವದವರಿಗೆ ಬೇರೆಯೇ ತರಗತಿ. ಹಳದಿ ಚೀಲಕ್ಕೆ ಏನು, ಕೆಂಪು ಚೀಲಕ್ಕೆ ಏನು, ಚೆಲ್ಲಿದ ರಕ್ತ ಹೇಗೆ ಒರೆಸುವುದು. ಕೊನೆಗೆ, ರೋಗಿಗಳ ಜೊತೆ ಮಾತಾಡಬಾರದು. ಕಾಕ ಕೈ ಎತ್ತಿ ಅರಬ್ಬಿಯಲ್ಲಿ ಕೇಳಿದರಂತೆ, ಅವರೇ ಕರೆದರೆ ಏನು ಮಾಡಲಿ ಎಂದು. ಗಂಟೆ ಒತ್ತಿ ನರ್ಸನ್ನು ಕರೆಯಿರಿ ಅಂದರು. ನರ್ಸಿಗೆ ಅರ್ಥವಾಗದಿದ್ದರೆ? ಟ್ಯಾಬ್ಲೆಟ್ ಇದೆಯಲ್ಲ ಅಂದರು. ಕಾಕ ಕೂತರು.

ನಾನು ಸುಮ್ಮನಿರಲಾರದೆ ನುಸೈಬಾ ಅವರ ಕೋಣೆಗೆ ಹೋದೆ. ಹದಿನೈದು ದಿನದ ಅನುವಾದಕರ ತರಬೇತಿ ಇದೆಯಲ್ಲ, ಅದಕ್ಕೆ ಪೊಡಿಯಬ್ಬ ಅವರನ್ನು ಸೇರಿಸಿಕೊಳ್ಳಿ ಎಂದು ಕೇಳಿದೆ. ಅವರು ಆಸಕ್ತಿಯಿಂದಲೇ ಕೇಳಿಸಿಕೊಂಡರು.

"ಅವರನ್ನು ಕರೆದುಕೊಂಡು ಬನ್ನಿ, ನಾನೊಮ್ಮೆ ಮಾತಾಡುತ್ತೇನೆ," ಅಂದರು.

ಮರುದಿನ ಕಾಕ ಒಗೆದು ಇಸ್ತ್ರಿ ಮಾಡಿದ ಅದೇ ನೀಲಿ ಯೂನಿಫಾರಮ್ಮಿನಲ್ಲಿ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ನುಸೈಬಾ ಒಂದೊಂದೇ ಕಾಯಿಲೆ ಹೇಳುತ್ತ ಹೋದರು, ಕಾಕ ಅದಕ್ಕೆ ಅಲ್ ಹಸಾದವರು ಏನನ್ನುತ್ತಾರೆ, ಕಡಲಕರೆಯವರು ಏನನ್ನುತ್ತಾರೆ, ಮರುಭೂಮಿಯವರು ಏನನ್ನುತ್ತಾರೆ ಎಂದು ಹೇಳುತ್ತ ಹೋದರು. ಒಂದು ಶಬ್ದಕ್ಕೆ ನುಸೈಬಾ ಪೆನ್ನು ಕೆಳಗಿಟ್ಟು ನಕ್ಕರು. ಅದು ಅವರ ಅಜ್ಜಿ ಹೇಳುತ್ತಿದ್ದ ಶಬ್ದವಂತೆ, ಅಜ್ಜಿ ಹೋದ ಮೇಲೆ ಎಲ್ಲೂ ಕೇಳಿರಲಿಲ್ಲವಂತೆ. ನಗುತ್ತಿದ್ದವರ ಕಣ್ಣು ಒದ್ದೆಯಾಗಿತ್ತು.

ಆಮೇಲೆ ಕಂಪ್ಯೂಟರಿನಲ್ಲಿ ಅರ್ಜಿ ತೆರೆದರು. ಹೆಸರು, ಇಕಾಮಾ ಎಂಬ ವಾಸದ ಪರವಾನಗಿಯ ನಂಬರು. ಇಕಾಮಾದಲ್ಲಿ ವೃತ್ತಿ: ಶುಚಿತ್ವದ ಕೆಲಸಗಾರ. ಸೆಕೆಂಡರಿ ಶಾಲೆಯ ಪ್ರಮಾಣಪತ್ರದ ನಂಬರು. ಅಲ್ಲಿ ಕೈ ನಿಂತಿತು.

"ಹತ್ತನೇ ಕ್ಲಾಸು ಪಾಸಾಗಿದ್ದೀರಾ?"

"ನಾಲ್ಕು," ಅಂದರು ಕಾಕ.

ಆ ಜಾಗ ಖಾಲಿ ಬಿಟ್ಟರೆ ಅರ್ಜಿ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಸೊನ್ನೆ ಹಾಕಿ ನೋಡಿದರು, ಕೆಂಪು ಅಕ್ಷರ ಬಂತು. ರಿಯಾದಿಗೆ ಫೋನು ಮಾಡಿ ಹತ್ತು ನಿಮಿಷ ವಾದಿಸಿದರು. ಆ ಕಡೆಯವರು ಏನೆಂದರೋ, ಫೋನಿಟ್ಟು "ನನ್ನ ಕೈಯಲ್ಲಿಲ್ಲ" ಅಂದರು. ಕಾಕ ಎದ್ದು ನಿಂತು, ಬಲಗೈ ಎದೆಯ ಮೇಲಿಟ್ಟು ಶುಕ್ರನ್ ಹೇಳಿ ಹೊರಬಂದರು. ಲಿಫ್ಟಿನ ಹತ್ತಿರ ನಾನು ಏನೋ ಹೇಳಹೋದೆ.

"ಇರ್ಲಿ ಸಿಸ್ಟರೇ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಿದ್ರಲ್ಲ ಪಾಪ, ಅಷ್ಟು ಯಾರು ಮಾಡ್ತಾರೆ?"

ಅಂದಿನಿಂದ ಬಟ್ಟೆಕೋಣೆಯ ಪಾಠ ನಿಂತಿತು. ಕಾಕ ವಾರ್ಡಿನಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡತೊಡಗಿದರು. ಯಾರಾದರೂ ಕರೆದರೆ ನಮ್ಮ ಮೇಜಿನ ಕಡೆ ಬೆರಳು ತೋರಿಸುತ್ತಿದ್ದರು.

2024ರ ಫೆಬ್ರವರಿಯಲ್ಲಿ ನೋಣಯ ಎಂಬವರನ್ನು ತಂದರು. ಐವತ್ತೆಂಟು ವರ್ಷ, ಉಡುಪಿ ಜಿಲ್ಲೆಯ ಬೆಳ್ಮಣ್ಣಿನವರು, ಇಪ್ಪತ್ತು ವರ್ಷದಿಂದ ರಾಸ್ ತನೂರಾ ಕಡೆ ಅಟ್ಟಣಿಗೆ ಕಟ್ಟುವವರ ಮೇಸ್ತ್ರಿ. ಒಂದು ತಿಂಗಳ ಕೆಲಸಕ್ಕೆಂದು ನಮ್ಮ ಕಡೆಯ ಕ್ಯಾಂಪಿಗೆ ಬಂದಿದ್ದಾಗ ಬೆಳಿಗ್ಗೆ ಹಲ್ಲುಜ್ಜುತ್ತ ಬಿದ್ದರಂತೆ. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಜೊತೆಗೆ ಬಂದ ಅಖಿಲೇಶ್ ಎಂಬ ಸೇಫ್ಟಿ ಆಫೀಸರ್ ಶಿವಮೊಗ್ಗದವರು.

"ಮೇಸ್ತ್ರಿಗಳು ಹಿಂದಿ, ಅರಬ್ಬಿ, ಕನ್ನಡ ಎಲ್ಲ ಚೆನ್ನಾಗಿ ಮಾತಾಡ್ತಿದ್ರು ಮೇಡಂ. ಈಗ ಏನು ಕೇಳಿದ್ರೂ ಸುಮ್ನೆ ನೋಡ್ತಾರೆ. ಏನೋ ಅಂತಾರೆ, ನನಗೆ ಅರ್ಥ ಆಗ್ತಿಲ್ಲ," ಅಂದರು.

ನಾನು ಕನ್ನಡದಲ್ಲಿ ಮಾತಾಡಿಸಿದೆ. ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು, ಆದರೆ ಮಾತು ಒಳಗೆ ಇಳಿದ ಹಾಗೆ ಕಾಣಲಿಲ್ಲ. ತುಟಿ ಓರೆಯಾಗಿ ಏನೋ ಅಂದರು. ಅದು ತುಳು ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ನಮ್ಮ ಕುಮಟಾದ ಕಡೆ ತುಳು ಇಲ್ಲ. ವಾರ್ಡಿನ ಉಳಿದ ನರ್ಸುಗಳು ಕೇರಳದವರು, ತಮಿಳುನಾಡಿನವರು, ಸೌದಿಯವರು.

ಡಾಕ್ಟರ್ ಅರ್ಕಮ್ ನೋಡಿ ಹೇಳಿದರು, ಇಂಥ ಪೆಟ್ಟಿನಲ್ಲಿ ಕೆಲವರಿಗೆ ಆಮೇಲೆ ಕಲಿತ ಭಾಷೆಗಳೆಲ್ಲ ಹೋಗಿ ಹುಟ್ಟಿನ ಭಾಷೆ ಮಾತ್ರ ಉಳಿಯುವುದುಂಟು ಎಂದು. ಟ್ಯಾಬ್ಲೆಟ್ ತರಿಸಿದೆವು. ಪಟ್ಟಿಯಲ್ಲಿ ಹಿಂದಿ, ಉರ್ದು, ಬಂಗಾಳಿ, ನೇಪಾಳಿ, ಮಲಯಾಳ, ತಮಿಳು, ತೆಲುಗು, ಪಶ್ತೋ ಇದ್ದವು. ಕನ್ನಡವೇ ಇರಲಿಲ್ಲ, ಮತ್ತೆ ತುಳು ಎಲ್ಲಿಂದ ಬರಬೇಕು! ಹಿಂದಿ ಆರಿಸಿದೆವು. ತೆರೆಯ ಮೇಲೆ ಬಂದ ಹೆಂಗಸು ಒಳ್ಳೆಯ ದನಿಯಲ್ಲಿ "ಕಣ್ಣು ಮುಚ್ಚಿ, ಎಡಗೈ ಎತ್ತಿ" ಎಂದು ಮೂರು ಸಲ ಹಿಂದಿಯಲ್ಲಿ ಹೇಳಿದರು. ನೋಣಯ ತೆರೆಯನ್ನೇ ನೋಡುತ್ತಿದ್ದರು. 'ರೋಗಿ ಸೂಚನೆಗಳನ್ನು ಪಾಲಿಸುತ್ತಿಲ್ಲ' ಎಂದು ಅನುವಾದಕರ ನಂಬರಿನ ಸಮೇತ ದಾಖಲೆಗೆ ಹೋಯಿತು.

ಆ ಒಂದು ಸಾಲಿಗೆ ಎಷ್ಟು ತೂಕ ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಪಾರ್ಶ್ವವಾಯು ಆದವರಿಗೆ ಮೊದಲ ವಾರಗಳ ವ್ಯಾಯಾಮವೇ ಎಲ್ಲ. ಅದಕ್ಕೆ ಬೇರೆ ಊರಿನ ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು, ಹೇಳಿದ್ದನ್ನು ತಿಳಿದು ಮಾಡಬಲ್ಲವರನ್ನು ಮಾತ್ರ ಅವರು ಸೇರಿಸಿಕೊಳ್ಳುತ್ತಾರೆ. ನುಂಗುವ ಪರೀಕ್ಷೆಯೂ ಹಾಗೆಯೇ. 'ನುಂಗಿ' ಅಂದರೆ ನುಂಗಬೇಕು. ನೋಣಯ ನುಂಗಲಿಲ್ಲ. ಮೂಗಿಗೆ ಟ್ಯೂಬು ಹಾಕಿದರು. ಅದನ್ನು ಎಡಗೈಯಲ್ಲಿ ಎಳೆದು ಕಿತ್ತರು. ಆ ಕೈಗೂ ದಪ್ಪ ಬಟ್ಟೆಯ ಚೀಲ ಕಟ್ಟಿದೆವು. ಕಟ್ಟಿದವಳು ನಾನೇ.

ಮೂರನೇ ದಿನ ನಾನು ಅವರ ಡ್ರಿಪ್ ಬದಲಿಸುತ್ತಿದ್ದೆ. ಕಾಕ ಪಕ್ಕದ ಕಿಟಕಿಯ ಅಡಿ ಒರೆಸುತ್ತಿದ್ದರು. ನೋಣಯ ಮತ್ತೆ ಮತ್ತೆ ಅದೇ ಮಾತು ಹೇಳುತ್ತಿದ್ದರು. ಕಾಕನ ಕೈ ನಿಂತಿತು, ಮತ್ತೆ ಚಲಿಸಿತು, ಮತ್ತೆ ನಿಂತಿತು. ಕೊನೆಗೆ ನೆಲ ನೋಡಿಕೊಂಡೇ ಮೆಲ್ಲಗೆ ಹೇಳಿದರು:

"ಬಲ ಸೊಂಟದ ಅಡಿಯಲ್ಲಿ ಎಂತದೋ ಒತ್ತುತ್ತಾ ಉಂಟಂತೆ. ತಿರುಗಿಸಿ ನೋಡಿ. ನಾನು ಹೇಳಿದ್ದಲ್ಲ."

ತಿರುಗಿಸಿ ನೋಡಿದೆ. ಸಿರಿಂಜಿನ ಪ್ಲಾಸ್ಟಿಕ್ ಮುಚ್ಚಳವೊಂದು ಚಾದರದ ಮಡಿಕೆಯಲ್ಲಿ ಸೇರಿಕೊಂಡು, ಚರ್ಮ ಕೆಂಪಾಗಿ ಗುಳಿ ಬಿದ್ದಿತ್ತು. ಅದನ್ನು ತೆಗೆದದ್ದೇ ನೋಣಯ ದೊಡ್ಡದಾಗಿ ಉಸಿರು ಬಿಟ್ಟರು.

"ಕಾಕ, ಇವರಿಗೆ ಕಣ್ಣು ಮುಚ್ಚಲು ಹೇಳಿ. ಒಂದೇ ಸಲ," ಅಂದೆ.

"ಬೇಡ ಸಿಸ್ಟರೇ."

"ನನಗೋಸ್ಕರ."

ಕಾಕ ಬಾಗಿಲ ಕಡೆ ನೋಡಿದರು. ಮಂಚದ ಹತ್ತಿರ ಬಗ್ಗಿ ತುಳುವಿನಲ್ಲಿ ಎರಡು ಮಾತು ಹೇಳಿದರು. ನೋಣಯ ಕಣ್ಣು ಮುಚ್ಚಿದರು. ಇನ್ನೊಂದು ಮಾತಿಗೆ ಚೀಲ ಕಟ್ಟಿದ ಎಡಗೈ ಮೇಲೆ ಬಂತು. ಕಾಕ ಏನೋ ಕೇಳಿದರು, ನೋಣಯ ತಡವರಿಸಿ "ಬೊಲ್ಮನ್ನ್" ಎಂದು ತನ್ನ ಊರಿನ ಹೆಸರು ಹೇಳಿದರು. ಹೇಳಿ ಅಳತೊಡಗಿದರು. ಕಾಕ ಅವರ ತಲೆ ನೇವರಿಸಲು ಕೈ ಚಾಚಿ, ತನ್ನ ಕೈಯಲ್ಲಿದ್ದ ರಬ್ಬರಿನ ಗ್ಲೌಸು ನೋಡಿಕೊಂಡು ಹಿಂದಕ್ಕೆ ಎಳೆದುಕೊಂಡರು.

ನಾನು ಓಡಿಹೋಗಿ ಡಾಕ್ಟರ್ ಅರ್ಕಮ್ ಅವರನ್ನು ಕರೆತಂದೆ. ಅವರ ಎದುರಿಗೂ ಕಾಕ ಅದನ್ನೆಲ್ಲ ಮಾಡಿಸಿದರು. ಡಾಕ್ಟರು ಬಹಳ ಹೊತ್ತು ದಾಖಲೆಯ ಮುಂದೆ ಕೂತಿದ್ದರು. ಅನುವಾದಕರ ನಂಬರು ಬರೆಯದೆ ಇದ್ದರೆ ಆ ಟಿಪ್ಪಣಿಗೆ ಬೆಲೆಯಿಲ್ಲ. ಬರೆಯಲು ನಂಬರಿಲ್ಲ. ಕೊನೆಗೆ 'ಮಾತೃಭಾಷೆಯಲ್ಲಿ ಹೇಳಿದಾಗ ಸೂಚನೆ ಪಾಲಿಸುತ್ತಾರೆ. ಅನೌಪಚಾರಿಕ ಅನುವಾದಕರ ಮೂಲಕ' ಎಂದು ಬರೆದು, ಪುನರ್ವಸತಿ ಕೇಂದ್ರಕ್ಕೆ ಕೋರಿಕೆ ಕಳಿಸಿದರು.

ನಾಲ್ಕು ದಿನದ ಮೇಲೆ ಕೇಂದ್ರದಿಂದ ಉತ್ತರ ಬಂತು. ಮಾನ್ಯತೆ ಪಡೆದ ಅನುವಾದಕರ ಮೂಲಕ ಮರುಪರೀಕ್ಷೆ ಮಾಡಿ ಕಳಿಸಿ. ಅದೇ ದಿನ ಗುಣಮಟ್ಟದ ಕಚೇರಿಯವರು ಆ ಟಿಪ್ಪಣಿಯನ್ನು ಹಿಡಿದರು. ಪರಿಶೀಲನೆಗೆ ಇನ್ನು ಎರಡು ವಾರ ಇತ್ತು. ಡಾಕ್ಟರಿಗೆ ವಿವರಣೆ ಕೇಳಿ ಪತ್ರ, ನನಗೆ ಒಂದು ಪತ್ರ. ಅನೌಪಚಾರಿಕ ಅನುವಾದಕ ಯಾರು ಎಂದು ಬರೆದು ಕೊಡಬೇಕು. ನಾನು ಬರೆಯುವುದಿಲ್ಲ ಅಂದೆ. ಕಾಕ ತಾನೇ ಹೋಗಿ ಹೇಳಿದರು.

ನುಸೈಬಾ ವಾರ್ಡಿಗೆ ಬಂದು ನನ್ನ ಎದುರು ನಿಂತರು. "ಆ ನಿಯಮ ಬರೆದವಳು ನಾನೇ. ಯಾರೂ ತಪ್ಪು ಮಾತಿನಿಂದ ಸಾಯಬಾರದು ಎಂದು ಬರೆದೆ. ಇದನ್ನು ಯೋಚಿಸಿರಲಿಲ್ಲ," ಅಂದರು. ತುಳು ಬಲ್ಲ ಅನುವಾದಕರಿಗಾಗಿ ಅವರು ಮೂರು ಏಜೆನ್ಸಿಗಳಿಗೆ ಬರೆದಿದ್ದರು. ಒಂದು ಏಜೆನ್ಸಿಯವರು ಅದು ಯಾವ ದೇಶದ ಭಾಷೆ ಎಂದು ಮರುಪ್ರಶ್ನೆ ಕಳಿಸಿದ್ದರು.

ಶುಚಿತ್ವದ ಕಂಪನಿಯ ಸೂಪರ್‌ವೈಸರ್ ಸಾದುಲ್ಲಾ ಪೇಶಾವರದವನು. ಕಾಕನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಉರ್ದುವಿನಲ್ಲಿ, "ಚಾಚಾ, ನಾನೇನು ಮಾಡಲಿ? ಮೇಲಿನಿಂದ ಆರ್ಡರ್ ಬಂದಿದೆ," ಎಂದು ನೆಲ ನೋಡಿದ. ಆ ಮಧ್ಯಾಹ್ನವೇ ಎಚ್ಚರಿಕೆ ಪತ್ರ ಕೊಟ್ಟು ಕಾಕನನ್ನು ವಾರ್ಡಿನಿಂದ ತೆಗೆದು, ಆಸ್ಪತ್ರೆಯ ಹಿಂಭಾಗದಲ್ಲಿ ತ್ಯಾಜ್ಯದ ಚೀಲಗಳನ್ನು ತೂಗಿ ಲಾರಿಗೆ ತುಂಬಿಸುವ ಶೆಡ್ಡಿಗೆ ಹಾಕಿದರು. ಇಪ್ಪತ್ತನಾಲ್ಕು ವರ್ಷದ ಮೇಲೆ ಅವರು ಆ ವಾರ್ಡಿನಿಂದ ತೆಗೆದುಕೊಂಡು ಹೋದದ್ದು ಒಂದು ಜೊತೆ ಚಪ್ಪಲಿ, ನಮಾಜಿನ ಚಾಪೆ, ಚಹಾದ ಲೋಟ.

ನೋಣಯನವರ ಹೆಂಡತಿ ವಿನೋದಾ ದಿನವೂ ಅಖಿಲೇಶರ ಮೊಬೈಲಿಗೆ ವಿಡಿಯೋ ಕರೆ ಮಾಡುತ್ತಿದ್ದರು. ಆಕೆ ಮಾತಾಡಿದರೆ ನೋಣಯನವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ನೋಡಿ, ಅವರಿಗೆ ತಿಳಿಯುತ್ತದೆ," ಎಂದು ನಾನು ಪರೀಕ್ಷೆಗೆ ಬಂದ ಥೆರಪಿಸ್ಟಿಗೆ ಹೇಳಿದೆ. ಅದು ಭಾವುಕ ಪ್ರತಿಕ್ರಿಯೆ, ಸೂಚನೆ ಪಾಲಿಸಿದ್ದಲ್ಲ, ಮೇಲಾಗಿ ಮನೆಯವರು ಅನುವಾದ ಮಾಡುವ ಹಾಗಿಲ್ಲ ಅಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ನಿಯಮದ ಹೊರಗಿರಲಿಲ್ಲ.

ಒಂದು ದಿನ ವಿನೋದಾ ನನ್ನನ್ನೇ ಕರೆದರು. "ಸಿಸ್ಟರ್, ಸೌದಿಯಲ್ಲಿ ನಮ್ಮ ಊರಿನವರು ಎಷ್ಟು ಸಾವಿರ ಜನ ಇದ್ದಾರೆ. ತುಳು ಬರುವವರು ಒಬ್ಬರನ್ನು ಅವರ ಹತ್ರ ನಿಲ್ಲಿಸ್ಲಿಕ್ಕೆ ಆಗುದಿಲ್ವಾ? ಒಬ್ರೇ ಒಬ್ರು ಸಾಕು."

ಇದೇ ಆಸ್ಪತ್ರೆಯಲ್ಲಿ, ಇನ್ನೂರು ಹೆಜ್ಜೆ ದೂರದಲ್ಲಿ ಒಬ್ಬರಿದ್ದಾರೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಅದನ್ನು ಹೇಗೆ ತಡೆದುಕೊಳ್ಳುತ್ತಿದ್ದರೋ ಗೊತ್ತಿಲ್ಲ. "ಪ್ರಯತ್ನ ಮಾಡ್ತಾ ಇದ್ದೇವೆ ಅಕ್ಕ," ಅಂದೆ.

ಆಮೇಲೆ ನೋಣಯ ಹೊಸದೇನೋ ಹೇಳತೊಡಗಿದರು. ಇಡೀ ದಿನ ಅದೇ ಮಾತು, ನನ್ನ ತೋಳು ನೋಡಿಕೊಂಡು, ಬಾಗಿಲು ನೋಡಿಕೊಂಡು. ಮತ್ತೆ ಎಲ್ಲಿ ಏನು ಒತ್ತುತ್ತಿದೆಯೋ ಎಂದು ಮೈಯೆಲ್ಲ ತಡಕಾಡಿದೆ. ಏನೂ ಇರಲಿಲ್ಲ. ಕೇಳಿದ ಸದ್ದನ್ನು ಕೇಳಿದ ಹಾಗೆಯೇ ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡು, ಊಟದ ಬಿಡುವಿನಲ್ಲಿ ಹಿಂಭಾಗದ ಶೆಡ್ಡಿಗೆ ಹೋದೆ.

ಕಾಕ ಏಪ್ರನ್ ಕಟ್ಟಿಕೊಂಡು ಹಳದಿ ಚೀಲಗಳ ನಡುವೆ ನಿಂತಿದ್ದರು. ಬಿಸಿಲಿಗೆ ತಗಡು ಕಾದು ಒಳಗೆ ಉಸಿರಾಡಲು ಕಷ್ಟವಾಗುತ್ತಿತ್ತು. ಚೀಟಿ ಕೊಟ್ಟೆ. ಗ್ಲೌಸು ತೆಗೆದು, ಬೆರಳಿಟ್ಟು ಓದಿದರು. ತುಟಿಯಲ್ಲೇ ಹೇಳಿ ನೋಡಿದರು. ಇನ್ನೊಮ್ಮೆ ಓದಿದರು. ನನ್ನಿಂದ ಬಾಯಿಯಲ್ಲಿ ಹೇಳಿಸಿ, ಕಣ್ಣು ಮುಚ್ಚಿ ಕೇಳಿದರು.

"ಇದು ತುಳು ಅಲ್ಲ ಸಿಸ್ಟರೇ."

"ಬ್ಯಾರಿಯಾ? ಕೊಂಕಣಿಯಾ?"

"ಯಾವುದೂ ಅಲ್ಲ. ಇದು ಮಾತೇ ಅಲ್ಲ. ಮುಂಚೆ ಅವರ ಮಾತು ಸರಿ ಇತ್ತು, ತಡೆದು ತಡೆದು ಬರ್ತಿತ್ತು ಅಷ್ಟೇ. ಈಗ ಮುರಿದಿದೆ. ಡಾಕ್ಟ್ರಿಗೆ ಬೇಗ ಹೇಳಿ. ಒಳಗೆ ಪುನಃ ಎಂತದೋ ಆಗಿದೆ."

ಸ್ಕ್ಯಾನ್ ಮಾಡಿಸಿದೆವು. ಎರಡನೇ ಸಲ ರಕ್ತ ಹೋಗುವುದು ನಿಂತಿತ್ತು, ಮೊದಲಿನ ಜಾಗದ ಪಕ್ಕದಲ್ಲೇ. ಯಾವಾಗ ಆಯಿತು ಎಂದು ಯಾರೂ ಹೇಳಲಾರರು. ಕಾಕ ಪಕ್ಕದಲ್ಲಿದ್ದಿದ್ದರೆ ಮೊದಲ ಗಂಟೆಯಲ್ಲೇ ತಿಳಿಯುತ್ತಿತ್ತೋ ಏನೋ. ತಿಳಿದಿದ್ದರೂ ಏನಾದರೂ ಮಾಡಲಾಗುತ್ತಿತ್ತೋ ಇಲ್ಲವೋ. ಡಾಕ್ಟರ್ ಅರ್ಕಮ್ ಆ ಪ್ರಶ್ನೆಯನ್ನು ನನ್ನ ಹತ್ತಿರ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂದಿನಿಂದ ನೋಣಯ ಆ ಸದ್ದನ್ನೂ ಬಿಟ್ಟರು.

ಪರಿಶೀಲನೆ ಬಂತು, ಹೋಯಿತು. ಆಸ್ಪತ್ರೆಗೆ ಒಳ್ಳೆಯ ಅಂಕ ಸಿಕ್ಕಿತು. ಏಪ್ರಿಲಿನಲ್ಲಿ ನೋಣಯನವರನ್ನು ವಿಮಾನದಲ್ಲಿ ಸ್ಟ್ರೆಚರಿನ ಮೇಲೆ ಮಲಗಿಸಿ ಮಂಗಳೂರಿಗೆ ಕಳಿಸಿದರು. ಜೊತೆಗೆ ಅಖಿಲೇಶ್ ಹೋದರು. ಈಗಲೂ ಅವರು ಬೆಳ್ಮಣ್ಣಿನ ಮನೆಯಲ್ಲಿ ಮಲಗಿಯೇ ಇದ್ದಾರೆ. ವಿನೋದಾ ಹಬ್ಬಕ್ಕೊಮ್ಮೆ ನನಗೆ ಮೆಸೇಜು ಹಾಕುತ್ತಾರೆ. "ಗಂಜಿ ಕೊಟ್ಟರೆ ನುಂಗುತ್ತಾರೆ ಸಿಸ್ಟರ್," ಎಂದು ಒಮ್ಮೆ ಬರೆದಿದ್ದರು.

ಕಾಕನ ಕಂಪನಿ ಆ ವರ್ಷ ನಮ್ಮ ಆಸ್ಪತ್ರೆಯ ಗುತ್ತಿಗೆ ಕಳೆದುಕೊಂಡಿತು. ಹೊಸ ಕಂಪನಿ ಹಳಬರನ್ನು ಉಳಿಸಿಕೊಳ್ಳುವಾಗ, ದಾಖಲೆಯಲ್ಲಿ ಎಚ್ಚರಿಕೆ ಪತ್ರವಿದ್ದವರನ್ನು ಬಿಟ್ಟಿತು. ಕಾಕನನ್ನು ಅವರ ಕಂಪನಿ ಮದೀನಾದ ಹೋಟೆಲೊಂದಕ್ಕೆ ಕಳಿಸಿತು. ಹೋಗುವ ದಿನ ಸ್ಟಾಫ್ ಬಸ್ಸಿನ ನಿಲ್ದಾಣದಲ್ಲಿ ಸಿಕ್ಕರು. ಮದೀನಾ ಸಿಕ್ಕಿದ್ದು ತನ್ನ ಪುಣ್ಯ, ಐದು ಹೊತ್ತೂ ಹರಂ ಮಸೀದಿಯ ಬಾಂಕು ಕೇಳುತ್ತದೆ ಅಂದರು. ಮುಖ ನೋಡಿದರೆ ಅದು ಸುಳ್ಳೂ ಅಲ್ಲ. ಆಮೇಲೆ, "ಹೊಸ ಸಿಸ್ಟರುಗಳಿಗೆ ನೀವು ಹೇಳಿಕೊಡಿ ಮಾರಾಯ್ರೆ, ಪುಸ್ತಕ ಉಂಟಲ್ಲ," ಅಂದರು.

ಹೇಳಿಕೊಡುತ್ತಿದ್ದೇನೆ. ನುಸೈಬಾ ಅದನ್ನೊಂದು ತರಗತಿಯಾಗಿಯೇ ಮಾಡಿದರು. ಹೊಸದಾಗಿ ಬರುವ ನರ್ಸುಗಳಿಗೆ ಆರು ಗಂಟೆ, ಕೊನೆಗೆ ಸರ್ಟಿಫಿಕೇಟು. ನನ್ನ ಪುಸ್ತಕದ ಶಬ್ದಗಳನ್ನೆಲ್ಲ ಅಚ್ಚು ಹಾಕಿಸಿದ್ದಾರೆ. ಮೊದಲ ಪುಟದಲ್ಲಿ ಪೊಡಿಯಬ್ಬ ಅವರ ಹೆಸರು ಹಾಕಿ ಎಂದು ಕೇಳಿದೆ. ನುಸೈಬಾ ಬರೆದು ಕಳಿಸಿದರು, ಮೇಲಿನವರು ಹೊಡೆದು ಹಾಕಿದರು. ತರಬೇತಿಯ ಪುಸ್ತಕದಲ್ಲಿ ಆಸ್ಪತ್ರೆಯ ಸಿಬ್ಬಂದಿಯ ಹೆಸರು ಮಾತ್ರ ಬರಬಹುದಂತೆ, ಗುತ್ತಿಗೆಯವರದಲ್ಲ. ಈಗ ಅಲ್ಲಿ ನನ್ನ ಹೆಸರಿದೆ. ತೆಗೆಸಲು ಹೋದರೆ ಪುಸ್ತಕವೇ ನಿಲ್ಲುತ್ತದೆ ಅಂದರು. ಹಾಗೇ ಬಿಟ್ಟೆ.

ಕಳೆದ ರಂಜಾನಿನಲ್ಲಿ ಕಾಕ ಫೋನು ಮಾಡಿದ್ದರು. ಆಯಿಷಾಳ ಮದುವೆ ನಿಶ್ಚಯವಾದ ಸುದ್ದಿ ಹೇಳಿದರು. ಆಸ್ಯಮ್ಮನ ಮಂಡಿನೋವಿಗೆ ಏನು ಮಾಡಬೇಕೆಂದು ಕೇಳಿದರು. ಆಮೇಲೆ ಹೋಟೆಲಿನಲ್ಲಿ ಆದ ಒಂದು ಸಂಗತಿ ಹೇಳಿದರು. ಉಮ್ರಾ ಯಾತ್ರೆಗೆ ಬಂದ ಕಾಸರಗೋಡು ಕಡೆಯ ಅಜ್ಜಿಯೊಬ್ಬರು ಲಾಬಿಯಲ್ಲಿ ಕುಸಿದು ಕೂತರಂತೆ. ಗುಂಪಿನವರು ಮುಂದೆ ಹೋಗಿಬಿಟ್ಟಿದ್ದರು. ಆಂಬುಲೆನ್ಸಿನವರು ಬಂದು ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ಕೇಳುತ್ತಿದ್ದರು.

"ಎಡಗೈಗೆ ಬೇನೆ ಇಳಿತಾ ಉಂಟು ಅಂತ ಅಜ್ಜಿ ಹೇಳ್ತಾ ಇದ್ರು, ಬ್ಯಾರಿಯಲ್ಲೇ. ನನಗೆ ಸರೀ ಕೇಳ್ತಿತ್ತು."

"ನೀವು ಹೇಳಿದ್ರಾ ಕಾಕ?"

ಅವರ ಹಿಂದೆ ಲಾಂಡ್ರಿ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

"ಇಲ್ಲ ಸಿಸ್ಟರೇ. ಬಾಯಿವರೆಗೆ ಬಂತು. ಮತ್ತೆ ಎಂತ ಆಗ್ತದೋ ಅಂತ... ಅವರ ಚಪ್ಪಲಿ ಅಲ್ಲೇ ಬಿದ್ದಿತ್ತು. ಗಾಡಿಗೆ ಹತ್ತಿಸುವವರೆಗೆ ಅದನ್ನು ಹಿಡಿದುಕೊಂಡು ನಿಂತಿದ್ದೆ."

ಆ ಅಜ್ಜಿಗೆ ಏನಾಯಿತು ಎಂದು ಅವರಿಗೂ ಗೊತ್ತಾಗಲಿಲ್ಲ. ಹೇಳಬೇಕಿತ್ತು ಎಂದು ನನಗೆ ಹೇಳಲಾಗಲಿಲ್ಲ. ಆಸ್ಯಮ್ಮನ ಮಂಡಿಗೆ ಯಾವ ಡಾಕ್ಟರನ್ನು ನೋಡಬೇಕೆಂದು ಇನ್ನೊಮ್ಮೆ ಹೇಳಿ ಫೋನಿಟ್ಟೆ.